ಆರಾಧನೆಯಿಂದ ಅಧಿಕಾರಿಯ ಮೇಜಿನವರೆಗೆ: ನ್ಯಾಯಕ್ಕಾಗಿ ದನಿ ಎತ್ತುವ ಕ್ರೈಸ್ತ ಸಭೆಗೆ ಮಾರ್ಗದರ್ಶಿ

ಹಸಿದವರಿಗೆ ಊಟ, ರೋಗಿಗೆ ಔಷಧಿ, ವಿಧವೆಗೆ ನೆರವು ಕೊಡುವುದು ಯಾವ ಸಭೆಗೂ ಹೊಸದಲ್ಲ. ಅದೇ ಕುಟುಂಬ ತಿಂಗಳು ತಿಂಗಳೂ ನೆರವು ಕೇಳಿಕೊಂಡು ಏಕೆ ಬರಬೇಕಾಗಿದೆ ಎಂದು ವಿಚಾರಿಸಿ, ಉತ್ತರ ಕೊಡಬೇಕಾದವರ ಮುಂದೆ ಹೋಗಿ ನಿಲ್ಲುವಾಗ ಮಾತ್ರ ಹೆಜ್ಜೆ ಹಿಂಜರಿಯುತ್ತದೆ. ಹಾಗೆ ಹಿಂಜರಿಯಲು ಎರಡು ಕಾರಣಗಳಿವೆ: ಇದೆಲ್ಲ ರಾಜಕೀಯವಾಗಿಬಿಟ್ಟೀತು ಎಂಬ ಭಯ, ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದಿರುವುದು. ಮೊದಲನೆಯದಕ್ಕೆ ಬೈಬಲೇ ಉತ್ತರ ಕೊಡುತ್ತದೆ. ಬಾಯಿಲ್ಲದವರ ಪರವಾಗಿ ಬಾಯಿ ತೆರೆಯಬೇಕೆಂದು ಜ್ಞಾನೋಕ್ತಿ 31:8-9 ಹೇಳುತ್ತದೆ. ತಾವು ಸೆರೆಯಾಗಿ ಹೋದ ಪಟ್ಟಣದ ಕ್ಷೇಮವನ್ನೇ ಬಯಸಿ ಅದಕ್ಕಾಗಿ ಪ್ರಾರ್ಥಿಸಬೇಕೆಂದು ಯೆರೆಮೀಯ 29:7 ಹೇಳುತ್ತದೆ. ಫಿಲಿಪ್ಪಿಯಲ್ಲಿ ಪೌಲನನ್ನು ವಿಚಾರಣೆಯಿಲ್ಲದೆ ಹೊಡೆಸಿ ಸೆರೆಗೆ ಹಾಕಿದ ಅಧಿಕಾರಿಗಳು ಅವನನ್ನು ಗುಟ್ಟಾಗಿ ಬಿಟ್ಟುಕಳಿಸಲು ನೋಡಿದಾಗ ಅವನು ಒಪ್ಪಲಿಲ್ಲ. ರೋಮನ್ ಪ್ರಜೆಯ ಹಕ್ಕನ್ನು ಎತ್ತಿ, ಅವರೇ ಬಂದು ಹೊರಗೆ ಕರೆದುಕೊಂಡು ಹೋಗಲಿ ಎಂದ (ಅಪೊಸ್ತಲರ ಕೃತ್ಯಗಳು 16:37). ಈ ಲೇಖನ ಎರಡನೆಯ ಕಾರಣಕ್ಕಾಗಿ, ಅಂದರೆ ಕೆಲಸದ ಕ್ರಮ ತಿಳಿಯಬೇಕೆನ್ನುವವರಿಗಾಗಿ.

ಕ್ರಮಕ್ಕೆ ಮೊದಲು ಒಂದು ಮಾತು. ಸಭೆಯ ಬಳಿ ಹಣವಾಗಲಿ ಪ್ರಭಾವವಾಗಲಿ ಹೆಚ್ಚಿರುವುದಿಲ್ಲ. ಅದರ ನಿಜವಾದ ಬಲವೆಂದರೆ ಅದು ವಾರವಾರ ಸೇರುತ್ತದೆ. ಅಧಿಕಾರಿ ವರ್ಗವಾಗಲಿ, ಸರ್ಕಾರ ಬದಲಾಗಲಿ, ಪತ್ರಿಕೆಗಳು ಸುದ್ದಿಯನ್ನು ಮರೆಯಲಿ, ಮುಂದಿನ ಭಾನುವಾರ ಸಭೆ ಅಲ್ಲೇ ಇರುತ್ತದೆ. ಆದ್ದರಿಂದ ಸಭೆಗೆ ಒಪ್ಪುವ ದಾರಿ ಇದು: ಬೇಡಿಕೆ ಒಂದೇ ಇರಲಿ, ಸ್ಪಷ್ಟವಾಗಿರಲಿ, ಈಡೇರುವ ತನಕ ಕೈಬಿಡದಿರಲಿ. ಮುಂದಿನ ಹಂತಗಳೆಲ್ಲ ಈ ಮಾತಿನಿಂದಲೇ ಹುಟ್ಟಿದವು.

ಮೊದಲು ಕೇಳಿಸಿಕೊಳ್ಳಿ: ನಾಲ್ಕರಿಂದ ಆರು ವಾರ

ಐದರಿಂದ ಏಳು ಜನರ ತಂಡ ಮಾಡಿ. ಅವರಲ್ಲಿ ಕನಿಷ್ಠ ಇಬ್ಬರು ಕಷ್ಟವನ್ನು ಸ್ವತಃ ಅನುಭವಿಸುತ್ತಿರುವವರಾಗಿರಬೇಕು. ಸಭಾಪಾಲಕರು ತಂಡದಲ್ಲಿರಲಿ, ಆದರೆ ಸಂಚಾಲಕರಾಗುವುದು ಬೇಡ. ಅವರಿಗೆ ವರ್ಗವಾದರೆ ಕೆಲಸವೂ ಅವರೊಂದಿಗೆ ಹೊರಟುಹೋಗುತ್ತದೆ. ಇಡೀ ಸಭೆಯ ಮಾತು 'ಪಾಸ್ಟರ ಅಭಿಪ್ರಾಯ'ವಾಗಿ ಕುಗ್ಗುವ ಅಪಾಯವೂ ಇದೆ.

ತಂಡದವರು ಇಬ್ಬಿಬ್ಬರಾಗಿ ಇಪ್ಪತ್ತರಿಂದ ಮೂವತ್ತು ಮನೆಗಳಿಗೆ ಹೋಗಬೇಕು. ಅವುಗಳಲ್ಲಿ ಅರ್ಧದಷ್ಟಾದರೂ ಸಭೆಗೆ ಸೇರದವರ ಮನೆಗಳಾಗಿರಲಿ. ಒಂದು ಮನೆಯಲ್ಲಿ ಅರ್ಧ ತಾಸಿನಿಂದ ಮುಕ್ಕಾಲು ತಾಸು ಸಾಕು. ಒಬ್ಬರು ಮಾತಾಡಿಸಲಿ, ಇನ್ನೊಬ್ಬರು ಕೇಳಿದ್ದನ್ನು ಹೇಳಿದವರ ಮಾತಿನಲ್ಲೇ ಬರೆದುಕೊಳ್ಳಲಿ. 'ನಿಮಗೆ ಏನು ಬೇಕು?' ಎಂದು ಕೇಳಬೇಡಿ. ಕೇಳಿದರೆ ಜನ ಸಭೆ ಕೊಡಬಲ್ಲ ವಸ್ತುಗಳ ಪಟ್ಟಿಯನ್ನೇ ಹೇಳುತ್ತಾರೆ, ಏಕೆಂದರೆ ಸಭೆಯಿಂದ ಅವರು ಈವರೆಗೆ ಕಂಡದ್ದು ಅಷ್ಟೇ. ಕೇಳಬೇಕಾದ ಪ್ರಶ್ನೆಗಳು ಬೇರೆ: ಕಳೆದ ಆರು ತಿಂಗಳಲ್ಲಿ ಯಾವ ಕಚೇರಿಗೆ ಎಷ್ಟು ಸಲ ಅಲೆದಿರಿ? ಅಲ್ಲಿ ಏನೆಂದರು? ಯಾವ ಕಾಗದ ತರಲು ಹೇಳಿದರು? ಅದಕ್ಕಾಗಿ ಎಷ್ಟು ದಿನದ ಕೂಲಿ ಹೋಯಿತು? ಇದೇ ತೊಂದರೆ ಇನ್ನು ಯಾರಿಗಿದೆ?

ಒಪ್ಪಿಗೆಯ ವಿಷಯದಲ್ಲಿ ಸ್ವಲ್ಪವೂ ಅಸಡ್ಡೆ ಸಲ್ಲದು. ಮಾತಾಡಿದ ಪ್ರತಿಯೊಬ್ಬರಿಂದ ಮೂರರಲ್ಲಿ ಒಂದನ್ನು ಬರೆಸಿಕೊಳ್ಳಿ: ಹೆಸರು, ಮುಖ ಎರಡನ್ನೂ ಬಳಸಬಹುದು, ಹೆಸರಿಲ್ಲದೆ ಸಂಗತಿಯನ್ನು ಹೇಳಬಹುದು, ಲೆಕ್ಕಕ್ಕೆ ಮಾತ್ರ ಸೇರಿಸಬಹುದು. ಒಮ್ಮೆ ಒಪ್ಪಿದರೆ ಎಲ್ಲಕ್ಕೂ ಒಪ್ಪಿದಂತಾಗುವುದಿಲ್ಲ. ಪತ್ರಕ್ಕೆ ಹಾಕುವ ಮುನ್ನ ಒಮ್ಮೆ, ಪತ್ರಿಕೆಗೆ ಕೊಡುವ ಮುನ್ನ ಮತ್ತೊಮ್ಮೆ ಕೇಳಬೇಕು. ಸಭೆಗೆ ಒಳ್ಳೆಯ ಸಾಕ್ಷಿಯಾಗಿ ಕಂಡದ್ದು ಆ ಮನೆಯವರಿಗೆ ಕೆಲಸ ಹೋಗುವ, ಬಾಡಿಗೆ ಮನೆ ಬಿಡಬೇಕಾಗುವ, ಅಧಿಕಾರಿಯ ಸಿಟ್ಟಿಗೆ ಗುರಿಯಾಗುವ ಕಾರಣವಾಗಬಹುದು. ಮಕ್ಕಳ ಮುಖ ಕಾಣುವ ಚಿತ್ರಗಳನ್ನು ಬಳಸಲೇಬೇಡಿ.

ಹತ್ತು ಕಷ್ಟಗಳಲ್ಲಿ ಒಂದನ್ನು ಆರಿಸುವುದು

ಎಲ್ಲ ಮನೆಗಳಿಂದ ಬಂದ ಟಿಪ್ಪಣಿಗಳನ್ನು ಒಂದೇ ದಿನ ಕೂತು ಓದಿ. ಕಷ್ಟಗಳು ಹತ್ತಾರು ಕಾಣುತ್ತವೆ, ಆರಿಸಬೇಕಾದದ್ದು ಒಂದನ್ನು. ಈ ಪ್ರಶ್ನೆಗಳಿಗೆ ಹೌದು ಎಂಬ ಉತ್ತರ ಬಂದ ವಿಷಯವನ್ನೇ ಹಿಡಿಯಿರಿ: ಇದು ಬಹಳ ಮನೆಗಳಿಗೆ ತಟ್ಟಿದೆಯೇ? ಇದನ್ನು ಸರಿಪಡಿಸುವ ಅಧಿಕಾರ ಒಬ್ಬ ವ್ಯಕ್ತಿಗೆ ಅಥವಾ ಒಂದು ಮಂಡಳಿಗೆ ಇದೆಯೇ? ಒಂದು ವರ್ಷದೊಳಗೆ ಕಣ್ಣಿಗೆ ಕಾಣುವ ಬದಲಾವಣೆ ಸಾಧ್ಯವೇ? ಕಷ್ಟಪಡುತ್ತಿರುವವರು ತಾವೇ ಮುಂದೆ ಬಂದು ಮಾತಾಡಲು ಸಿದ್ಧರಿದ್ದಾರೆಯೇ? ಕೊನೆಯ ಪ್ರಶ್ನೆಗೆ ಇಲ್ಲವೆಂದಾದರೆ, ಉಳಿದೆಲ್ಲವೂ ಹೌದಾಗಿದ್ದರೂ ಕಾಯಿರಿ. ಅವರು ಬೇಡವೆಂದದ್ದನ್ನು ಅವರ ಹೆಸರಿನಲ್ಲಿ ಕೇಳುವ ಹಕ್ಕು ಸಭೆಗಿಲ್ಲ.

ಸಭೆಯ ಸ್ವಂತ ಜಾಗ, ಕಟ್ಟಡದ ಪರವಾನಗಿ, ಅನುದಾನ ಇವುಗಳಿಗೆ ನ್ಯಾಯಯುತ ದಾರಿಗಳಿವೆ. ಬಡವರ ಬೇಡಿಕೆಯ ಜೊತೆ ಅವನ್ನು ಒಂದೇ ಮನವಿಯಲ್ಲಿ, ಒಂದೇ ಭೇಟಿಯಲ್ಲಿ ಸೇರಿಸಬೇಡಿ. ಸೇರಿಸಿದರೆ ಅಧಿಕಾರಿ ಸಭೆಯ ಕೆಲಸವನ್ನು ಮಾಡಿಕೊಟ್ಟು, ಬಡವರ ಕೆಲಸವನ್ನು ಮುಂದೂಡಿ, ಎಲ್ಲರನ್ನೂ ನಗುನಗುತ್ತಾ ಕಳಿಸಿಬಿಡಬಹುದು.

ಬೇಡಿಕೆಯನ್ನು ಕಿರಿದು ಮಾಡಿಕೊಂಡರೆ ನಂಬಿಕೆ ಕಿರಿದಾಯಿತೆಂದು ಕೆಲವರಿಗೆ ಅನ್ನಿಸಬಹುದು. ಹಾಗಲ್ಲ ಎನ್ನುವುದಕ್ಕೆ ಇತಿಹಾಸದ ಸಾಕ್ಷಿಯಿದೆ. 1787ರ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ ಹನ್ನೆರಡು ಜನ ಗುಲಾಮರ ವ್ಯಾಪಾರದ ವಿರುದ್ಧ ಒಂದು ಸಮಿತಿ ಕಟ್ಟಿದರು. ಅವರಲ್ಲಿ ಒಂಬತ್ತು ಮಂದಿ ಕ್ವೇಕರ್ ಎಂಬ ಕ್ರೈಸ್ತ ಪಂಗಡದವರು. ಗುಲಾಮಗಿರಿಯೇ ಪಾಪವೆಂದು ನಂಬಿದ್ದರೂ ಅವರು ಮೊದಲು ಕೈ ಹಾಕಿದ್ದು ಗುಲಾಮರ ವ್ಯಾಪಾರವನ್ನು ನಿಲ್ಲಿಸುವ ಕಾನೂನಿಗೆ, ಏಕೆಂದರೆ ಅದನ್ನು ಸಂಸತ್ತು ನೇರವಾಗಿ ಮಾಡಬಹುದಿತ್ತು. ವ್ಯಾಪಾರ ನಿಷೇಧದ ಕಾನೂನು ಬಂದದ್ದು 1807ರಲ್ಲಿ, ಬ್ರಿಟನ್ನಿನ ವಸಾಹತುಗಳಲ್ಲಿ ಗುಲಾಮಗಿರಿಯನ್ನೇ ರದ್ದು ಮಾಡುವ ಕಾನೂನು 1833ರಲ್ಲಿ. ಆ ಮೊದಲ ಬೇಡಿಕೆ ಕಿರಿದಾಗಿದ್ದರಿಂದಲೇ ಎರಡನೆಯದಕ್ಕೆ ದಾರಿಯಾಯಿತು. ನಡುವಿನ ಇಪ್ಪತ್ತಾರು ವರ್ಷ ಹೋದ ಜೀವಗಳ ನೋವು ಸಣ್ಣದಲ್ಲ. ಕಿರಿದು ಮಾಡಿದ ಬೇಡಿಕೆ ಈಡೇರಿದ ಮೇಲೆ ಅಲ್ಲಿಗೇ ನಿಲ್ಲಬಾರದು ಎನ್ನುವುದಕ್ಕೂ ಇದೇ ಸಾಕ್ಷಿ.

ಮುಂದಿನ ವಿವರಣೆಗೆ ಒಂದು ಉದಾಹರಣೆ ಇಟ್ಟುಕೊಳ್ಳೋಣ: ಬಡಾವಣೆಯ ಆರೋಗ್ಯ ಕೇಂದ್ರದಲ್ಲಿ ರಾತ್ರಿ ನರ್ಸ್ ಇರುವುದಿಲ್ಲ, ಹೆರಿಗೆ ನೋವು ಬಂದವರು ದೂರದ ಆಸ್ಪತ್ರೆಗೆ ಓಡಬೇಕು. 'ಎಲ್ಲರಿಗೂ ಆರೋಗ್ಯ ಸಿಗಲಿ' ಎಂಬುದು ಹಾರೈಕೆ. 'ಮುಂದಿನ ಹಣಕಾಸು ವರ್ಷದ ಮೊದಲ ದಿನದಿಂದ ಈ ಕೇಂದ್ರದಲ್ಲಿ ರಾತ್ರಿ ಪಾಳಿಗೆ ಇಬ್ಬರು ನರ್ಸ್‌ಗಳನ್ನು ನೇಮಿಸಿ' ಎಂಬುದು ಬೇಡಿಕೆ. ಹಾರೈಕೆಗೆ ಅಧಿಕಾರಿ ತಲೆದೂಗಿ ಸುಮ್ಮನಾಗಬಹುದು, ಬೇಡಿಕೆಗೆ ಹೌದು ಅಥವಾ ಇಲ್ಲ ಎನ್ನಲೇಬೇಕು. ಸಭೆಗಳು ಹೊರಡಿಸುವ ಎಷ್ಟೋ ಹೇಳಿಕೆಗಳು ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಇರುವುದು ಈ ವ್ಯತ್ಯಾಸವನ್ನು ಗಮನಿಸದೆ ಬರೆಯುವುದರಿಂದ.

ಸಭೆ ಒಂದೇ ಮನಸ್ಸಿಗೆ ಬರುವುದು

ಬೆಲ್ಜಿಯಂನ ಪಾದ್ರಿ ಜೋಸೆಫ್ ಕಾರ್ಡೈನ್ ಕಾರ್ಮಿಕ ಯುವಜನರ ನಡುವೆ ಬೆಳೆಸಿದ 'ನೋಡು, ತೂಗಿ ನೋಡು, ನಡೆ' ಎಂಬ ಕ್ರಮವನ್ನು 1961ರಲ್ಲಿ ಪೋಪ್ 23ನೇ ಜಾನ್ ತಮ್ಮ ವಿಶ್ವಪತ್ರದಲ್ಲಿ ಎತ್ತಿಹಿಡಿದರು. ಯಾವ ಪಂಗಡದ ಸಭೆಗೂ ಅದು ಹೊಂದುತ್ತದೆ. ನೋಡುವುದು ಈಗ ಮುಗಿದಿದೆ. ತೂಗಿ ನೋಡಲು ನಾಲ್ಕು ವಾರದ ಬೈಬಲ್ ಅಧ್ಯಯನ ಇಟ್ಟುಕೊಳ್ಳಿ.

ಮೊದಲ ವಾರ ವಿಮೋಚನಕಾಂಡ 5: ಮೋಶೆ ಫರೋಹನ ಮುಂದೆ ನಿಂತ ಮೊದಲ ಸಲ ಜನರ ಕಷ್ಟ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ. ಇದನ್ನು ಮೊದಲೇ ಓದಿಕೊಂಡ ಸಭೆ ಮೊದಲ ಏಟಿಗೆ ಚದುರುವುದಿಲ್ಲ. ಎರಡನೆಯ ವಾರ ನೆಹೆಮೀಯ 5: ಸಾಲಕ್ಕೆ ಹೊಲ, ಮನೆ, ಮಕ್ಕಳನ್ನು ಕಳೆದುಕೊಂಡವರ ಕೂಗು ಕೇಳಿದ ನೆಹೆಮೀಯ ಶ್ರೀಮಂತರನ್ನೂ ಅಧಿಕಾರಿಗಳನ್ನೂ ಸೇರಿಸಿ, ಮಾತು ಕೊಡಿಸಿ, ಅಷ್ಟಕ್ಕೇ ಬಿಡದೆ ಯಾಜಕರ ಮುಂದೆ ಪ್ರಮಾಣ ಮಾಡಿಸುತ್ತಾನೆ. ಮೂರನೆಯ ವಾರ ಆಮೋಸ 5: ನ್ಯಾಯ ಹೊಳೆಯಂತೆ ಹರಿಯಲಿ ಎಂಬ ಪ್ರವಾದಿಯ ಕರೆ. ನಾಲ್ಕನೆಯ ವಾರ ಲೂಕ 18ರ ವಿಧವೆ, ನ್ಯಾಯಾಧಿಪತಿಯ ಬೆನ್ನು ಬಿಡದವಳು.

ಅಧಿಕಾರಿಗಳಿಗೆ ಅಧೀನರಾಗಿರಿ ಎನ್ನುವ ರೋಮಾಪುರದವರಿಗೆ 13ನೇ ಅಧ್ಯಾಯವನ್ನು ಯಾರಾದರೂ ಎತ್ತಿಯೇ ಎತ್ತುತ್ತಾರೆ, ಎತ್ತಲಿ. ಅದನ್ನೂ, ಮನುಷ್ಯರಿಗಿಂತ ದೇವರಿಗೇ ವಿಧೇಯರಾಗಬೇಕೆನ್ನುವ ಅಪೊಸ್ತಲರ ಕೃತ್ಯಗಳು 5:29ನ್ನೂ ಒಂದೇ ದಿನ ಓದಿ. ಜರ್ಮನಿಯ ಪಾದ್ರಿ ಡೀಟ್ರಿಚ್ ಬೊನ್‌ಹಾಫರ್ 1933ರಲ್ಲಿ, ಯೆಹೂದ್ಯರ ವಿರುದ್ಧ ಕಾನೂನುಗಳು ಬರತೊಡಗಿದಾಗ, ರಾಜ್ಯದ ಎದುರು ಸಭೆಯ ಹೊಣೆಯನ್ನು ಮೂರಾಗಿ ವಿಂಗಡಿಸಿದರು: ನೀನು ಮಾಡುತ್ತಿರುವುದು ನ್ಯಾಯವೇ ಎಂದು ರಾಜ್ಯವನ್ನು ಕೇಳುವುದು, ರಾಜ್ಯದ ಕ್ರಮದಿಂದ ನೊಂದವರಿಗೆ, ಅವರು ಕ್ರೈಸ್ತರಲ್ಲದಿದ್ದರೂ, ನೆರವಾಗುವುದು, ಎರಡೂ ಸಾಲದ ಘಳಿಗೆಯಲ್ಲಿ ಅನ್ಯಾಯದ ಚಕ್ರವನ್ನೇ ತಡೆದು ನಿಲ್ಲಿಸುವುದು. ಅಧಿಕಾರಿಗೆ ಪತ್ರ ಬರೆಯುವುದು ಈ ಮೂರರಲ್ಲಿ ಮೊದಲನೆಯದು, ತೀರಾ ಸೌಮ್ಯವಾದದ್ದು. ಅದನ್ನೇ ದಂಗೆಯೆಂದು ಹೆದರುವವರಿಗೆ ಇದನ್ನು ತಾಳ್ಮೆಯಿಂದ ತೋರಿಸಿ.

ತೀರ್ಮಾನವನ್ನು ಒಂದೇ ದಿನದಲ್ಲಿ ಮುಗಿಸಬೇಡಿ. ಒಂದು ಭಾನುವಾರ ವಿಷಯ ಮಂಡಿಸಿ, ಎರಡು ವಾರ ಮಾತುಕತೆಗೆ ಬಿಟ್ಟು, ಆಮೇಲೆ ಮತ ಕೇಳಿ. ಠರಾವಿನಲ್ಲಿ ಐದು ಸಂಗತಿಗಳು ಇರಬೇಕು: ಬೇಡಿಕೆ ಏನು, ಯಾರಿಗೆ, ಸಭೆಯ ಹೆಸರಿನಲ್ಲಿ ಯಾರು ಮಾತಾಡಬಹುದು, ಖರ್ಚಿನ ಮಿತಿ ಎಷ್ಟು, ಯಾವ ದಿನಾಂಕಕ್ಕೆ ಮರುಪರಿಶೀಲನೆ. ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಜನ ಒಪ್ಪದಿದ್ದರೆ ಸಭೆಯ ಹೆಸರನ್ನು ಬಳಸಬೇಡಿ, ಒಪ್ಪಿದವರು ತಮ್ಮ ತಮ್ಮ ಹೆಸರಿನಲ್ಲಿ ಮುಂದುವರಿಯಲಿ. ಭಿನ್ನಮತವನ್ನು ನಡಾವಳಿಯಲ್ಲಿ ಗೌರವದಿಂದ ದಾಖಲಿಸಿ. ಒಪ್ಪಿಗೆಯಿಲ್ಲದೆ ಹೊರಟ ಸಭೆಯ ದನಿಯನ್ನು ಅಡಗಿಸುವುದು ಸುಲಭ: ಹೆಚ್ಚು ಕಾಣಿಕೆ ಕೊಡುವ ಒಬ್ಬ ಸಭಿಕರಿಗೆ ಬರುವ ಒಂದು ಫೋನ್ ಕರೆ ಸಾಕು.

ಪಕ್ಷವಲ್ಲ, ಪ್ರಶ್ನೆ

ಯಾವುದೇ ಅಭ್ಯರ್ಥಿಗೆ, ಪಕ್ಷಕ್ಕೆ ಮತ ಹಾಕಿ ಎಂದು ಸಭೆ ಹೇಳಬಾರದು. ಕಾನೂನಿನ ಮಾತು ಬೇರೆಯೇ ಇದೆ. ಧರ್ಮಾರ್ಥ ಸಂಸ್ಥೆಯಾಗಿ ನೋಂದಾಯಿತವಾದ ಸಭೆ ಎಷ್ಟರ ಮಟ್ಟಿಗೆ ಮಾತಾಡಬಹುದು ಎಂಬುದು ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಅಂಥ ಸಂಸ್ಥೆಗಳು ತಮ್ಮ ಉದ್ದೇಶಕ್ಕೆ ಪೂರಕವಾಗಿ ಕಾನೂನು ಬದಲಾವಣೆ ಕೇಳಬಹುದು, ಪಕ್ಷವನ್ನು ಬೆಂಬಲಿಸುವಂತಿಲ್ಲ. ಅಮೆರಿಕದಲ್ಲಿ ಅಭ್ಯರ್ಥಿಗಳ ಪರ ಅಥವಾ ವಿರುದ್ಧ ಪ್ರಚಾರ ಮಾಡಬಾರದೆಂಬ ನಿಯಮ 1954ರಲ್ಲಿ ತೆರಿಗೆ ಕಾನೂನಿಗೆ ಸೇರಿತು, ಅದರ ವ್ಯಾಪ್ತಿಯ ಬಗ್ಗೆ ವಾದಗಳು ಇವೆ. ನಿಮ್ಮ ನೋಂದಣಿ ಪತ್ರವನ್ನೂ ನಿಯಮಾವಳಿಯನ್ನೂ ಒಬ್ಬ ವಕೀಲರಿಗೆ ತೋರಿಸಿ ಬರಹದಲ್ಲಿ ಅಭಿಪ್ರಾಯ ಪಡೆಯಿರಿ.

ಕಾನೂನು ಅನುಮತಿಸಿದರೂ ಪಕ್ಷದ ಸಹವಾಸ ಬೇಡ ಎನ್ನುವುದಕ್ಕೆ ಕಾರಣ ಸರಳ. ಪಕ್ಷ ಸೋತರೆ ಬಡವರ ಬೇಡಿಕೆಯೂ ಸೋಲುತ್ತದೆ. ಗೆದ್ದರೆ 'ನಮ್ಮವರೇ ಇದ್ದಾರಲ್ಲ' ಎಂದು ಸಭೆ ಬಾಯಿ ಮುಚ್ಚಿಕೊಳ್ಳುತ್ತದೆ. ಚುನಾವಣೆಯ ಕಾಲದಲ್ಲಿ ಎಲ್ಲ ಅಭ್ಯರ್ಥಿಗಳಿಗೂ ಒಂದೇ ಪ್ರಶ್ನೆಯನ್ನು ಬರಹದಲ್ಲಿ ಕಳಿಸಿ, ಬಂದ ಉತ್ತರಗಳನ್ನು ಒಂದಕ್ಷರ ಬದಲಿಸದೆ ಒಟ್ಟಿಗೆ ಅಂಟಿಸಿ. ಅಭ್ಯರ್ಥಿ ಆರಾಧನೆಗೆ ಬಂದರೆ ಎಲ್ಲರಂತೆ ಕೂರಲಿ, ಪ್ರಸಂಗಪೀಠ ಮಾತ್ರ ಬೇಡ.

ಯಾರ ಸಹಿಯಿಂದ ಆಗುತ್ತದೆ?

ಮಂತ್ರಿಗೆ ಬರೆದ ಪತ್ರ ಮೇಜಿನಿಂದ ಮೇಜಿಗೆ ಇಳಿದು ಕೊನೆಗೆ ತೀರ್ಮಾನ ಮಾಡುವ ಅಧಿಕಾರಿಯ ಬಳಿಗೇ ಬರುತ್ತದೆ, ಅದೂ ತಿಂಗಳುಗಳ ನಂತರ. ಮೊದಲೇ ಅವರನ್ನು ಗುರುತಿಸಿ. ಇಂಥದೇ ಬೇರೊಂದು ಕೇಂದ್ರಕ್ಕೆ ಈ ಹಿಂದೆ ನರ್ಸ್ ಹುದ್ದೆ ಮಂಜೂರಾಗಿದ್ದರೆ ಆ ಆದೇಶದ ಪ್ರತಿ ಹುಡುಕಿ. ಅದರಲ್ಲಿ ಸಹಿ ಯಾರದ್ದು, ಹಣ ಯಾವ ಲೆಕ್ಕ ಶೀರ್ಷಿಕೆಯಿಂದ, ಶಿಫಾರಸು ಮಾಡಿದವರು ಯಾರು ಎಂಬ ಮೂರೂ ಸಿಗುತ್ತವೆ. ಮಾಹಿತಿ ಹಕ್ಕಿನ ಕಾನೂನು ಇರುವ ದೇಶದಲ್ಲಿ ಅರ್ಜಿ ಹಾಕಿದರೆ ಈ ಕಾಗದ ಪಡೆಯಬಹುದು.

ಆಮೇಲೆ ಸಮಯ. ಬಜೆಟ್ ಮಂಡನೆಯಾದ ಮೇಲೆ ಹುದ್ದೆ ಕೇಳಿದರೆ ಇಡೀ ವರ್ಷ ಕಾಯಬೇಕಾಗುತ್ತದೆ. ಇಲಾಖೆಗಳು ಅಂದಾಜು ಪಟ್ಟಿ ತಯಾರಿಸುವುದು ಮಂಡನೆಗೆ ಹಲವು ತಿಂಗಳು ಮೊದಲು, ನಿಮ್ಮ ಮನವಿ ಆಗ ಅಲ್ಲಿರಬೇಕು. ನ್ಯಾಯವಾದ ಎಷ್ಟೋ ಬೇಡಿಕೆಗಳು ಬೀಳುವುದು ವಿರೋಧದಿಂದಲ್ಲ, ತಡವಾಗಿ ಬಂದದ್ದರಿಂದ.

ಲೆಕ್ಕ ಸುಳ್ಳಾಗಬಾರದು

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ಸಭೆಯಲ್ಲೂ ಇರುತ್ತಾರೆ. ಮೊಬೈಲಿನಲ್ಲಿ ಹರಿದು ಬಂದ ಅಂಕಿ ಮನವಿಗೆ ಸೇರಿತೆಂದರೆ ಅಧಿಕಾರಿ ಅದೊಂದನ್ನೇ ಹಿಡಿದು ಉಳಿದದ್ದೆಲ್ಲವನ್ನೂ ತಳ್ಳಿಹಾಕುತ್ತಾರೆ. ಮೇಲೆ ಹೇಳಿದ ಲಂಡನ್ ಸಮಿತಿಯ ಥಾಮಸ್ ಕ್ಲಾರ್ಕ್‌ಸನ್ ಬಂದರಿನಿಂದ ಬಂದರಿಗೆ ಅಲೆದು ನಾವಿಕರನ್ನು ಮಾತಾಡಿಸಿ, ಗುಲಾಮರಿಗೆ ಹಾಕುತ್ತಿದ್ದ ಬೇಡಿಗಳನ್ನೇ ಕೊಂಡು ತಂದು ತೋರಿಸಿದರು. 1788ರಲ್ಲಿ ಅಚ್ಚಾದ 'ಬ್ರೂಕ್ಸ್' ಹಡಗಿನ ನಕ್ಷೆ ಮನುಷ್ಯರನ್ನು ಹೇಗೆ ಒತ್ತೊತ್ತಾಗಿ ಮಲಗಿಸುತ್ತಿದ್ದರು ಎಂಬುದನ್ನು ಹಡಗಿನ ಅಳತೆಯ ಸಮೇತ ತೋರಿಸಿತು. ಬೈಗುಳ ಮಾಡದ ಕೆಲಸವನ್ನು ಆ ಅಳತೆ ಮಾಡಿತು.

ನಮ್ಮ ಉದಾಹರಣೆಗೆ ಬೇಕಾದದ್ದು ಮೂವತ್ತು ರಾತ್ರಿಗಳ ದಾಖಲೆ. ದಿನಾಂಕ, ಹೋದ ಸಮಯ, ಬಾಗಿಲು ತೆರೆದಿತ್ತೇ, ಯಾವ ಹುದ್ದೆಯವರಿದ್ದರು, ಬಂದ ರೋಗಿಯನ್ನು ಎಲ್ಲಿಗೆ ಕಳಿಸಿದರು, ಆ ಆಸ್ಪತ್ರೆಗೆ ಎಷ್ಟು ಕಿಲೋಮೀಟರ್ ಎಂಬ ಆರು ಕಾಲಂ ಸಾಕು. ಪ್ರತಿ ರಾತ್ರಿಯ ಸಾಲಿಗೆ ಇಬ್ಬರ ಸಹಿ ಬೇಕು. ನರ್ಸ್ ಇಲ್ಲದ ರಾತ್ರಿಗಳು 17 ಎಂದಾದರೆ '30ರಲ್ಲಿ 17' ಎಂದೇ ಬರೆಯಿರಿ, 'ಯಾವಾಗಲೂ ಇರುವುದಿಲ್ಲ' ಎನ್ನಬೇಡಿ. ಕೆಲಸದಲ್ಲಿದ್ದ ನರ್ಸ್‌ಗಳ ಹೆಸರು ದಾಖಲೆಯಲ್ಲಿ ಬೇಡ. ದೂರು ಹುದ್ದೆಯ ಕೊರತೆಯ ಮೇಲೆ. ದಣಿದ ನೌಕರರ ಮೇಲೆ ಬಿದ್ದರೆ ಅದು ಇನ್ನೊಂದು ಅನ್ಯಾಯ. ಎಲ್ಲವನ್ನೂ ಎರಡು ಪುಟಕ್ಕೆ ಇಳಿಸಿ, ಮೂಲ ಹಾಳೆಗಳನ್ನು ಬೇರೆ ಕಡತದಲ್ಲಿಡಿ.

ಪತ್ರ: ಐವರು ಅಕ್ಕತಂಗಿಯರಿಂದ ಕಲಿಯುವುದು

ಮನವಿ ಪತ್ರಕ್ಕೆ ಅರಣ್ಯಕಾಂಡ 27ಕ್ಕಿಂತ ಒಳ್ಳೆಯ ಮಾದರಿ ಸಿಗಲಾರದು. ಚಲ್ಪಹಾದನ ಐವರು ಹೆಣ್ಣುಮಕ್ಕಳು ಮೋಶೆಯ, ಯಾಜಕನ, ಅಧಿಪತಿಗಳ, ಇಡೀ ಸಮೂಹದ ಮುಂದೆ ನಿಂತು ಆಡಿದ್ದು ನಾಲ್ಕೇ ಮಾತು. ನಮ್ಮ ತಂದೆ ಗಂಡುಮಕ್ಕಳಿಲ್ಲದೆ ತೀರಿಕೊಂಡ ಎಂದು ಸ್ಥಿತಿಯನ್ನು ಹೇಳಿದರು. ಅವನು ಮೋಶೆಯ ವಿರುದ್ಧ ದಂಗೆಯೆದ್ದ ಕೋರಹನ ಗುಂಪಿಗೆ ಸೇರಿದವನಲ್ಲ ಎಂದು ಬರಬಹುದಾದ ಆಕ್ಷೇಪಕ್ಕೆ ಮೊದಲೇ ಉತ್ತರ ಕೊಟ್ಟರು. ಅವನ ಹೆಸರು ಏಕೆ ಅಳಿಯಬೇಕು ಎಂದು, ಕೇಳಿಸಿಕೊಳ್ಳುವವರಿಗೂ ಬೆಲೆಯುಳ್ಳ ಕಾರಣವನ್ನು ಎತ್ತಿದರು. ನಮಗೆ ಸ್ವಾಸ್ತ್ಯ, ಅಂದರೆ ಭೂಮಿಯ ಪಾಲು ಕೊಡಿ ಎಂದು ಬೇಡಿಕೆ ಇಟ್ಟರು. ಬಂದ ತೀರ್ಪು ಅವರ ಮನೆಯೊಂದಕ್ಕಲ್ಲ, ಇಸ್ರಾಯೇಲಿನಲ್ಲಿ ಗಂಡುಮಕ್ಕಳಿಲ್ಲದೆ ತೀರಿಕೊಂಡ ಎಲ್ಲರ ಹೆಣ್ಣುಮಕ್ಕಳಿಗೂ ಅನ್ವಯಿಸುವ ಕಾನೂನಾಯಿತು.

ಅದೇ ಕ್ರಮದಲ್ಲಿ ನಮ್ಮ ಪತ್ರ ಹೀಗಿರಬಹುದು:

'ಮಾನ್ಯರೇ, ನಮ್ಮ ಬಡಾವಣೆಯ ಆರೋಗ್ಯ ಕೇಂದ್ರದಲ್ಲಿ ಕಳೆದ ತಿಂಗಳ 30 ರಾತ್ರಿಗಳಲ್ಲಿ 17 ರಾತ್ರಿ ನರ್ಸ್ ಇರಲಿಲ್ಲ, ದಾಖಲೆ ಲಗತ್ತಿಸಿದ್ದೇವೆ. ಇದು ಈಗಿರುವ ಸಿಬ್ಬಂದಿಯ ವಿರುದ್ಧ ದೂರಲ್ಲ, ಅವರು ಹಗಲು ಪಾಳಿ ಮುಗಿಸಿ ಹೋಗಿರುತ್ತಾರೆ. ತಾಯಿ ಮಗು ಇಬ್ಬರ ಜೀವವೂ ಉಳಿಯಬೇಕೆಂಬುದು ತಮ್ಮ ಇಲಾಖೆಯದ್ದೇ ಗುರಿ. ಆದ್ದರಿಂದ ಮುಂದಿನ ಹಣಕಾಸು ವರ್ಷದ ಮೊದಲ ದಿನದಿಂದ ರಾತ್ರಿ ಪಾಳಿಗೆ ಎರಡು ನರ್ಸ್ ಹುದ್ದೆ ಮಂಜೂರು ಮಾಡಬೇಕೆಂದು ಕೋರುತ್ತೇವೆ. ಈ ಬಗ್ಗೆ ಮಾತಾಡಲು ಹದಿನೈದು ನಿಮಿಷದ ಸಮಯ ಕೊಡಿ.'

ಇಷ್ಟಕ್ಕೆ ಒಂದು ಪುಟವೂ ತುಂಬುವುದಿಲ್ಲ. ಬೈಬಲ್ ವಚನ ಬೇಕೇ ಎಂದರೆ, ಒಂದಿದ್ದರೆ ಚೆಂದ, ನಾಲ್ಕಿದ್ದರೆ ಪ್ರಸಂಗವಾಗುತ್ತದೆ.

ಆರಾಧನೆಯೊಳಗೇ ಪತ್ರಗಳನ್ನು ಕಾಣಿಕೆಯಾಗಿ ಅರ್ಪಿಸುವ ಪದ್ಧತಿಯನ್ನು ಅಮೆರಿಕದ 'ಬ್ರೆಡ್ ಫಾರ್ ದ ವರ್ಲ್ಡ್' ದಶಕಗಳಿಂದ ನಡೆಸಿಕೊಂಡು ಬಂದಿದೆ. ಲೂಥರನ್ ಪಾದ್ರಿ ಆರ್ಥರ್ ಸೈಮನ್ 1974ರಲ್ಲಿ ಅದನ್ನು ಕಟ್ಟಿದರು. ಪ್ರಸಂಗ ಮುಗಿದ ಮೇಲೆ ಇಪ್ಪತ್ತೈದು ನಿಮಿಷ ಬಿಡಿ. ವಿಳಾಸ, ಬೇಡಿಕೆಯ ಒಂದು ಸಾಲು, ಒಪ್ಪಿಕೊಂಡ ಅಂಕಿ ಇವು ಹಲಗೆಯ ಮೇಲಿರಲಿ. ಉಳಿದದ್ದನ್ನು ಪ್ರತಿಯೊಬ್ಬರೂ ತಮ್ಮ ಮಾತಿನಲ್ಲಿ ಕೈಬರಹದಲ್ಲಿ ಬರೆಯಲಿ. ಬರೆಯಲು ಬಾರದವರ ಪಕ್ಕ ಯುವಕರು ಕೂತು ಅವರು ಹೇಳಿದಂತೆಯೇ ಬರೆದುಕೊಡಲಿ. ನೂರು ಜೆರಾಕ್ಸ್ ಪ್ರತಿಗಳಿಗೆ ಸಹಿ ಹಾಕಿ ಕಳಿಸಿದರೆ ಕಚೇರಿಯಲ್ಲಿ ಅವು ಒಂದೇ ಪತ್ರವೆಂದು ಲೆಕ್ಕಕ್ಕೆ ಬೀಳುತ್ತವೆ. ಬರೆದದ್ದನ್ನು ಕಾಣಿಕೆ ಬುಟ್ಟಿಯಲ್ಲಿ ಎತ್ತಿ, ಪ್ರಾರ್ಥಿಸಿ, ಎಣಿಸಿ, ಸ್ವೀಕೃತಿ ಸಿಗುವಂತೆ ಕೈಯಾರೆ ತಲುಪಿಸಿ. ಒತ್ತಾಯ ಬೇಡ, ಬರೆಯಲೊಲ್ಲದವರು ಆ ಹೊತ್ತನ್ನು ಮೌನ ಪ್ರಾರ್ಥನೆಯಲ್ಲಿ ಕಳೆಯಲಿ.

ಹದಿನೈದು ನಿಮಿಷದ ಭೇಟಿ

ಎಲ್ಲಕ್ಕಿಂತ ಹೆಚ್ಚು ತಯಾರಿ ಬೇಕಾದದ್ದು ಇದಕ್ಕೆ. ಹೆಚ್ಚು ಕೆಡುವುದೂ ಇಲ್ಲೇ.

ಐದು ಜನ ಹೋಗಿ. ಒಬ್ಬರು ಪರಿಚಯ ಮಾಡಿಕೊಡಲಿ, ಒಂದು ನಿಮಿಷ ಸಾಕು. ರಾತ್ರಿ ಹೊತ್ತು ಕೇಂದ್ರಕ್ಕೆ ಹೋಗಿ ಹಿಂತಿರುಗಿದ ತಾಯಿಯೇ ತನ್ನ ಅನುಭವ ಹೇಳಲಿ, ಮೂರು ನಿಮಿಷ. ಆಕೆಯ ಪರವಾಗಿ ಬೇರೆಯವರು ಹೇಳುವುದು ಬೇಡ, ನಡುವೆ ತಿದ್ದುವುದೂ ಬೇಡ. ಮೂರನೆಯವರು ಎರಡು ಪುಟದ ದಾಖಲೆ ಕೊಟ್ಟು ಎರಡು ನಿಮಿಷ ವಿವರಿಸಲಿ. ನಾಲ್ಕನೆಯವರು ಬೇಡಿಕೆಯನ್ನು ಒಂದೇ ವಾಕ್ಯದಲ್ಲಿ ಇಟ್ಟು ಸುಮ್ಮನಾಗಲಿ. ಇದು ಕಷ್ಟದ ಭಾಗ. ಅಧಿಕಾರಿ ಮೌನವಾದರೆ ನಮ್ಮವರಿಗೆ ತಡೆಯುವುದಿಲ್ಲ. 'ಆಗದಿದ್ದರೂ ಪರವಾಗಿಲ್ಲ, ನೋಡಿ' ಎಂದು ತಾವೇ ಬೇಡಿಕೆಯನ್ನು ಸಡಿಲಿಸಿಬಿಡುತ್ತಾರೆ. ಮೌನವನ್ನು ಅಧಿಕಾರಿಯೇ ಮುರಿಯಲಿ. ಐದನೆಯವರು ಮಾತಾಡದೆ ಎಲ್ಲವನ್ನೂ ಬರೆದುಕೊಳ್ಳಲಿ.

ಹಿಂದಿನ ದಿನ ಸಭೆಯಲ್ಲೇ ಒಬ್ಬರನ್ನು ಅಧಿಕಾರಿಯ ಜಾಗದಲ್ಲಿ ಕೂರಿಸಿ ಎರಡು ಸಲ ಅಭ್ಯಾಸ ಮಾಡಿ. ಸಾಮಾನ್ಯವಾಗಿ ಬರುವ ಉತ್ತರಗಳಿಗೆ ಮರುಮಾತು ಸಿದ್ಧವಿರಲಿ. 'ನನ್ನ ಕೈಯಲ್ಲಿಲ್ಲ' ಎಂದರೆ ಯಾವ ಹುದ್ದೆಯವರ ಕೈಯಲ್ಲಿದೆ ಎಂದು ಕೇಳಿ, ತಮ್ಮ ಶಿಫಾರಸನ್ನು ಯಾವ ದಿನ ಕಳಿಸುವಿರಿ ಎಂದೂ ಕೇಳಿ. 'ಹಣವಿಲ್ಲ' ಎಂದರೆ ಎಷ್ಟು ಬೇಕಾಗುತ್ತದೆ ಎಂಬ ಅಂದಾಜು ಕೇಳಿ. 'ನೋಡೋಣ' ಎಂದರೆ ಯಾವ ದಿನಾಂಕಕ್ಕೆ ಮತ್ತೆ ಬರಬೇಕೆಂದು ಕೇಳಿ. ಮಾತು ತಪ್ಪಿಸಲು ಸಭೆಯ ಸೇವೆಯನ್ನು ಹೊಗಳತೊಡಗಿದರೆ ವಂದನೆ ಹೇಳಿ, ಬೇಡಿಕೆಯ ವಾಕ್ಯವನ್ನು ಮತ್ತೊಮ್ಮೆ ಹೇಳಿ. 'ನೀವೇ ಯಾರನ್ನಾದರೂ ಕಳಿಸಿ' ಎನ್ನುವ ಮಾತಿಗೆ ಎಚ್ಚರ. ಸ್ವಯಂಸೇವಕರನ್ನು ಕೊಡಲು ಒಪ್ಪಿಕೊಂಡರೆ ಎರಡು ಹುದ್ದೆಗಳ ಬೇಡಿಕೆ ಅಲ್ಲಿಗೇ ಮುಗಿಯಿತು.

ಕೋಣೆಗೆ ಹೋದ ಮೇಲೆ ಪ್ರಾರ್ಥಿಸಬಹುದೇ ಎಂದು ಕೇಳುವ ಸಭೆಗಳಿವೆ. ಅಧಿಕಾರಿ ಬೇರೆ ನಂಬಿಕೆಯವರಾಗಿದ್ದರೆ ಅದು ಒತ್ತಡವಾಗಿ ಕಾಣಬಹುದು, ಆದ್ದರಿಂದ ಹೊರಡುವ ಮುನ್ನವೇ ಪ್ರಾರ್ಥನೆ ಮುಗಿಸಿಕೊಳ್ಳಿ. 1 ತಿಮೊಥೆ 2:1-2 ಅಧಿಕಾರದಲ್ಲಿರುವವರಿಗಾಗಿ ಪ್ರಾರ್ಥಿಸಬೇಕೆನ್ನುತ್ತದೆ. ಆ ಅಧಿಕಾರಿಯ ಹುದ್ದೆ ಪ್ರತಿ ವಾರದ ವಿಜ್ಞಾಪನೆಯಲ್ಲಿ ಇರಲಿ. ಯಾರಿಗಾಗಿ ವಾರವಾರ ಪ್ರಾರ್ಥಿಸುತ್ತೀರೋ ಅವರನ್ನು ಶತ್ರುವಾಗಿ ನೋಡುವುದು ಕಷ್ಟ. ಇದು ಮಾತಿನ ಧಾಟಿಯನ್ನೇ ಬದಲಿಸುತ್ತದೆ.

ಎರಡು ದಿನದೊಳಗೆ ವಂದನಾ ಪತ್ರ ಕಳಿಸಿ. ಅದರಲ್ಲಿ 'ತಾವು ಇಂಥ ದಿನಾಂಕದೊಳಗೆ ಶಿಫಾರಸು ಕಳಿಸುವುದಾಗಿ ಹೇಳಿದಿರಿ' ಎಂಬ ಸಾಲು ಇರಲೇಬೇಕು. ಬಾಯಿ ಮಾತು ದಾಖಲೆಯಾಗುವುದು ಹೀಗೆ.

ಬೀದಿಗೆ ಇಳಿಯುವ ಮುನ್ನ

ಪತ್ರ, ಭೇಟಿ ಎರಡೂ ಫಲಿಸದಾಗ ಮಾತ್ರ ಸಾರ್ವಜನಿಕ ಪ್ರಾರ್ಥನೆ, ಮೆರವಣಿಗೆ. ಅಮೆರಿಕದ ಮಾಂಟ್ಗೊಮರಿ ನಗರದಲ್ಲಿ ಬಸ್ಸುಗಳೊಳಗಿನ ವರ್ಣಭೇದದ ವಿರುದ್ಧ ಕಪ್ಪು ಜನರ ಬಸ್ ಬಹಿಷ್ಕಾರ 1955ರ ಡಿಸೆಂಬರ್ 5ರಂದು ಶುರುವಾಗಿ 381 ದಿನ ನಡೆಯಿತು ಎಂಬುದು ಬಹಳ ಜನರಿಗೆ ಗೊತ್ತು. ಅದಕ್ಕೂ ಒಂದೂವರೆ ವರ್ಷ ಮೊದಲೇ, 1954ರ ಮೇ ತಿಂಗಳಲ್ಲಿ, ಜೋ ಆ್ಯನ್ ರಾಬಿನ್ಸನ್ ಎಂಬ ಕಾಲೇಜು ಅಧ್ಯಾಪಕಿ ಅಲ್ಲಿನ ಮೇಯರ್‌ಗೆ ಬೇಡಿಕೆಗಳನ್ನು ವಿವರಿಸಿ ಪತ್ರ ಬರೆದಿದ್ದರು. ಬಹಿಷ್ಕಾರ ಅಷ್ಟು ದಿನ ಉಳಿದದ್ದು ಭಾಷಣದಿಂದ ಮಾತ್ರವಲ್ಲ. ಸಭಾಮಂದಿರಗಳಲ್ಲಿ ನಿಯಮಿತವಾಗಿ ಕೂಟಗಳು ನಡೆದವು, ಕೆಲಸಕ್ಕೆ ಹೋಗುವವರನ್ನು ಸಾಗಿಸಲು ಸುಮಾರು 300 ಕಾರುಗಳ ವ್ಯವಸ್ಥೆ ಇತ್ತು. ಜನರಿಗೆ ಆಗುವ ನಷ್ಟವನ್ನು ಹೊರುವ ಏರ್ಪಾಡಿಲ್ಲದೆ ಬಹಿಷ್ಕಾರಕ್ಕೆ ಕರೆ ಕೊಡುವುದು ಅನ್ಯಾಯ.

ಮೆರವಣಿಗೆಗೆ ಅನುಮತಿಯನ್ನು ಬರಹದಲ್ಲಿ ಪಡೆದು ಮೂಲ ಪ್ರತಿ ಜೊತೆಗಿಟ್ಟುಕೊಳ್ಳಿ. ಇಪ್ಪತ್ತೈದು ಜನರಿಗೊಬ್ಬ ಸ್ವಯಂಸೇವಕ, ಅವರಿಗೆ ಎದ್ದು ಕಾಣುವ ಗುರುತಿನ ಪಟ್ಟಿ, ಕುಡಿಯುವ ನೀರು, ಪ್ರಥಮ ಚಿಕಿತ್ಸೆ, ವೃದ್ಧರಿಗೆ ಕೂರಲು ಜಾಗ, ಯಾರಾದರೂ ಕೆಣಕಿದರೆ ಎಲ್ಲರೂ ಕೂತು ಹಾಡುವ ಒಂದು ಕೀರ್ತನೆ: ಇವಿಷ್ಟು ಮೊದಲೇ ಗೊತ್ತಾಗಿರಲಿ. ಆಗ ಕಮ್ಯುನಿಸ್ಟ್ ಆಳ್ವಿಕೆಯಲ್ಲಿದ್ದ ಪೂರ್ವ ಜರ್ಮನಿಯ ಲೈಪ್ಸಿಗ್ ನಗರದ ಸೇಂಟ್ ನಿಕೊಲಸ್ ದೇವಾಲಯದಲ್ಲಿ 1982ರಿಂದ ಸೋಮವಾರದ ಶಾಂತಿ ಪ್ರಾರ್ಥನೆ ನಡೆಯುತ್ತಿತ್ತು. 1989ರ ಅಕ್ಟೋಬರ್ 9ರಂದು ಸುಮಾರು 70,000 ಜನ ಬೀದಿಯಲ್ಲಿ ನಡೆದರೂ ರಕ್ತ ಹರಿಯಲಿಲ್ಲ. ಅವರ ಕೈಯಲ್ಲಿದ್ದದ್ದು ಮೊಂಬತ್ತಿ. ಅದನ್ನು ಗಾಳಿಗೆ ಆರದಂತೆ ಕಾಯಲು ಎರಡೂ ಕೈ ಬೇಕು, ಕಲ್ಲೆತ್ತಲು ಕೈ ಬಿಡುವಿರುವುದಿಲ್ಲ.

ಬೇರೆ ನಂಬಿಕೆಯ ನೆರೆಯವರನ್ನು ಮೆರವಣಿಗೆಯ ದಿನ ಕರೆಯುವ ಬದಲು ಮೊದಲ ಸಮಾಲೋಚನೆಗೇ ಕರೆಯಿರಿ. ಅಂತರ್ಯುದ್ಧದಲ್ಲಿ ನಲುಗಿದ್ದ ಲೈಬೀರಿಯಾದ ಕ್ರೈಸ್ತ ಮತ್ತು ಮುಸ್ಲಿಂ ಹೆಂಗಸರು 2003ರಲ್ಲಿ ಬಿಳಿ ಬಟ್ಟೆ ಉಟ್ಟು ಒಟ್ಟಿಗೆ ಕೂತು ಶಾಂತಿ ಕೇಳಿದರು, ಅದೇ ವರ್ಷದ ಆಗಸ್ಟ್‌ನಲ್ಲಿ ಶಾಂತಿ ಒಪ್ಪಂದಕ್ಕೆ ಸಹಿ ಬಿತ್ತು. ಆರೋಗ್ಯ ಕೇಂದ್ರ ಎಲ್ಲರದ್ದು, ಬೇಡಿಕೆಯೂ ಎಲ್ಲರದ್ದಾಗಬೇಕು. ಅದನ್ನು ಕ್ರೈಸ್ತ ಮತಕ್ಕೆ ಸೆಳೆಯುವ ಸಾಧನವಾಗಿ ಬಳಸಿದರೆ ನೆರೆಯವರ ವಿಶ್ವಾಸ ಒಡೆಯುತ್ತದೆ, ಒಡೆಯುವುದು ನ್ಯಾಯವೂ ಹೌದು.

ಆದೇಶ ಬಂದ ಮೇಲೆ

ಐವರು ಅಕ್ಕತಂಗಿಯರ ಪರವಾಗಿ ಕಾನೂನು ಬಂತು ಎಂದು ಹೆಚ್ಚಿನ ಓದುಗರು ಅಲ್ಲಿಗೇ ಪುಸ್ತಕ ಮುಚ್ಚುತ್ತಾರೆ. ಯೆಹೋಶುವ 17:3-4ರಲ್ಲಿ ಅವರು ಮತ್ತೆ ಬರುತ್ತಾರೆ. ಮೋಶೆ ತೀರಿಕೊಂಡಿದ್ದಾನೆ, ನಾಯಕ ಬದಲಾಗಿದ್ದಾನೆ, ಭೂಮಿ ಹಂಚುವ ಹೊತ್ತು ಬಂದಿದೆ. ನಮಗೆ ಕೊಡಬೇಕೆಂದು ಯೆಹೋವನು ಮೋಶೆಗೆ ಆಜ್ಞಾಪಿಸಿದ್ದನು ಎಂದು ಅವರು ನೆನಪಿಸಿ ಕೇಳಬೇಕಾಯಿತು. ಆಮೇಲೆಯೇ ಭೂಮಿ ಕೈಗೆ ಬಂದದ್ದು.

ಮಂಜೂರಾತಿ ಆದೇಶದ ಪ್ರತಿ ಪಡೆಯಿರಿ. ಅದರಲ್ಲಿ ಹುದ್ದೆಗಳ ಸಂಖ್ಯೆ, ಜಾರಿಯ ದಿನಾಂಕ, ಹಣದ ಶೀರ್ಷಿಕೆ ಮೂರೂ ಇವೆಯೇ ನೋಡಿ. ಒಂದಿಲ್ಲದಿದ್ದರೂ ಆದೇಶ ಕಾಗದದಲ್ಲೇ ಉಳಿಯಬಹುದು. ನರ್ಸ್‌ಗಳು ಬಂದ ಮೇಲೆ ಅದೇ ಆರು ಕಾಲಂನ ಹಾಳೆಯಲ್ಲಿ ಇನ್ನೂ ಮೂವತ್ತು ರಾತ್ರಿ ಬರೆಯಿರಿ. ಆರು ತಿಂಗಳ ನಂತರ ಒಂದು ವಾರ ಮತ್ತೆ ಪರೀಕ್ಷಿಸಿ, ಏಕೆಂದರೆ ಆ ಹೊತ್ತಿಗೆ ಹೊಸ ಸಿಬ್ಬಂದಿಯನ್ನು ಬೇರೆ ಕಡೆಗೆ ನಿಯೋಜಿಸಿರಬಹುದು. ಕೆಲಸ ಮಾಡಿಕೊಟ್ಟ ಅಧಿಕಾರಿಗೂ ಅವರ ಮೇಲಧಿಕಾರಿಗೂ ವಂದನಾ ಪತ್ರ ಬರೆಯಿರಿ. ಅಂಥ ಪತ್ರ ಅಪರೂಪ, ಮುಂದಿನ ಸಲ ಬಾಗಿಲು ಬೇಗ ತೆರೆಯುತ್ತದೆ. ಬೇಡಿಕೆ ತಿರಸ್ಕೃತವಾದರೆ ಕಾರಣವನ್ನು ಬರಹದಲ್ಲಿ ಕೇಳಿ, ಮೇಲ್ಮನವಿಗೆ ಅವಕಾಶವಿದ್ದರೆ ಅದರ ಗಡುವನ್ನು ಅಂದೇ ಗುರುತು ಹಾಕಿಕೊಳ್ಳಿ. ಎರಡರಲ್ಲಿ ಯಾವುದೇ ಆದರೂ ಮೊದಲು ಮಾತಾಡಿಸಿದ ಆ ಇಪ್ಪತ್ತು ಮೂವತ್ತು ಮನೆಗಳಿಗೆ ಹಿಂತಿರುಗಿ ಹೋಗಿ ಏನಾಯಿತೆಂದು ತಿಳಿಸಬೇಕು. ಕಡತವನ್ನು ಎರಡು ಪ್ರತಿ ಮಾಡಿ, ಒಂದು ಸಭಾ ಕಚೇರಿಯಲ್ಲಿ, ಇನ್ನೊಂದು ತಂಡದಲ್ಲಿ ಎಲ್ಲರಿಗಿಂತ ಕಿರಿಯರಾದವರ ಬಳಿ ಇಡಿ.